ಎಡದ ಗಾಲಿ, ಬಲದ ಗಾಲಿ

ಕಾನಹೊಸಹಳ್ಳಿಯಲ್ಲಿ ಪಂಚಾಕ್ಷರಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಓಣಿಯ ಹೆಸರು ಹೇಳುವುದಿಲ್ಲ. "ಪಾಲು ಮಾಡಿದ ಗಾಡಿ ನಿಂತೈತಲ್ಲ, ಅಲ್ಲೇ ನೋಡ್ರಿ" ಎನ್ನುತ್ತಾರೆ. ಹೇಳಿ ನಗುತ್ತಾರೆ. ನಗುವವರಿಗೇನು, ಅವರ ಮನೆಯ ಗಾಡಿಯಲ್ಲವಲ್ಲ.

ಗಾಡಿ ಏಳು ಜನ ಕೂರುವಂಥದ್ದು, ಎತ್ತರದ್ದು, ಬಿಳಿಯದು. ಎರಡು ಮನೆಗಳ ಮುಂದಿನ ತಗಡಿನ ಚಪ್ಪರದ ಕೆಳಗೆ ನಿಂತಿರುತ್ತದೆ. ಎಡಗಡೆಯ ಮನೆ ಅಣ್ಣ ಪಂಚಾಕ್ಷರಪ್ಪನದು, ಬಲಗಡೆಯದು ತಮ್ಮ ಕೊಟ್ರಸ್ವಾಮಿಯದು. ಮೊದಲು ಅದು ಒಂದೇ ಮನೆಯಾಗಿತ್ತು. ಆರು ವರ್ಷದ ಹಿಂದೆ ನಡುವೆ ಗೋಡೆ ಎದ್ದಿತು. ಹೆದ್ದಾರಿ ಪಕ್ಕದಲ್ಲಿದ್ದ ಪೈಪು, ಪಂಪ್‌ಸೆಟ್ಟಿನ ಅಂಗಡಿಯೂ ಎರಡಾಯಿತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರಲ್ಲ, ಅದರಲ್ಲಿ ಹೊಸದೇನೂ ಇರಲಿಲ್ಲ.

ನಿಜ ಹೇಳಬೇಕೆಂದರೆ ಪಾಲಾದ ದಿನ ಒಂದು ಕೆಟ್ಟ ಮಾತೂ ಬರಲಿಲ್ಲ. ಹೊಲ, ಅಂಗಡಿ, ಅವ್ವನ ಬಂಗಾರ, ಹಿತ್ತಾಳೆ ಹಂಡೆ ಎಲ್ಲವೂ ಸಲೀಸಾಗಿ ಆಚೆ ಈಚೆ ಹೋದವು. ಕೊನೆಗೆ ಉಳಿದದ್ದು ಗಾಡಿ. ಮಾರಿ ಹಂಚಿಕೊಳ್ಳಿ ಎಂದರು ಹಿರಿಯರು. ಕೊಟ್ರಸ್ವಾಮಿ ಹೂಂ ಅಂದ. ಬೇಡವೆಂದವನು ಪಂಚಾಕ್ಷರಪ್ಪನೇ.

"ಗಾಡಿ ಕೂಡೇ ಇರ್ಲಿ ಬಿಡ್ರಿ. ಒಂದ್ ವಾರ ಅವನ್ ಪಾಳಿ, ಒಂದ್ ವಾರ ನನ್ ಪಾಳಿ. ಎಲ್ಲಾ ಹರಕಂಡು ಕುಂತ್ರ ಹೆಂಗ್ರಿ? ಒಂದಾದ್ರೂ ಇಬ್ಬರಿಗೂ ಸೇರಿದ್ದು ಇರ್ಲಿ."

ಅದು ಇರುವವರೆಗೆ ತಮ್ಮ ವಾರಕ್ಕೊಮ್ಮೆಯಾದರೂ ಬೀಗದ ಕೈ ಕೊಡಲು ಬರುತ್ತಾನೆ, ನಾನೂ ಹೋಗುತ್ತೇನೆ, ಒಂದು ಲೋಟ ಚಾ ಆಗುತ್ತದೆ ಎಂಬುದು ಅವನ ಲೆಕ್ಕ. ಹಿರಿಯರು ಮೆಚ್ಚಿ ತಲೆದೂಗಿದರು. ಒಳ್ಳೆಯ ಮನಸ್ಸಿನಿಂದ ಮಾಡಿದ ದಡ್ಡ ಕೆಲಸಗಳಿಗೆ ಈ ಊರಿನಲ್ಲಿ ಬಹುಮಾನ ಕೊಡುವುದಾದರೆ ಆ ದಿನದ ಬಹುಮಾನ ಪಂಚಾಕ್ಷರಪ್ಪನಿಗೇ ಸಿಗಬೇಕು.

ಮೊದಲಿಗೆ ಚಾ ಆಯಿತು. ಆಮೇಲೆ ಬೀಗದ ಕೈಯನ್ನು ಚಪ್ಪರದ ಕಂಬದ ಮೊಳೆಗೆ ಹಾಕಿ ಹೋಗುವುದಾಯಿತು. ಮೂರು ವರ್ಷದ ಹಿಂದೆ ಒಂದು ಸೋಮವಾರ, ತನ್ನ ಪಾಳಿ ಶುರುವಾದ ದಿನ, ಪಂಚಾಕ್ಷರಪ್ಪ ಹೆಂಡತಿ ದಾಕ್ಷಾಯಣಮ್ಮನನ್ನು ಕೂರಿಸಿಕೊಂಡು ಕೂಡ್ಲಿಗಿಗೆ ಹೊರಟ. ದಾರಿಯಲ್ಲಿ ಟೈರು ಪಂಕ್ಚರಾಯಿತು. ಸ್ಟೆಪ್ನಿ ತೆಗೆದು ನೋಡಿದರೆ ಅದೂ ಪಂಕ್ಚರು. ಹಿಂದಿನ ವಾರ ಪಂಕ್ಚರಾದ ಟೈರನ್ನು ಕೊಟ್ರಸ್ವಾಮಿ ಹಾಗೇ ಒಳಗೆ ತುರುಕಿ ಬೀಗದ ಕೈ ಮೊಳೆಗೆ ಹಾಕಿದ್ದ. ಬಿಸಿಲಿನಲ್ಲಿ ನಿಂತು ನಿಂತು ದಾಕ್ಷಾಯಣಮ್ಮನಿಗೆ ತಲೆಸುತ್ತು ಬಂತು.

ಮನೆಗೆ ಬಂದವನೇ ಪಂಚಾಕ್ಷರಪ್ಪ ಚಪ್ಪರದ ಕೆಳಗೆ ನಿಂತು ಬಾಯಿಗೆ ಬಂದದ್ದು ಅಂದ. ಪಾಳಿ ಮುಗಿದ ಮೇಲೆ ಪಂಕ್ಚರು ಹಾಕಿಸುವುದು ನನ್ನ ಕೆಲಸವಲ್ಲ ಎಂದು ಕೊಟ್ರಸ್ವಾಮಿಯೂ ಏರಿಹೋದ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅಣ್ಣನ ಬಾಯಿಂದ, "ಅಪ್ಪ ಸತ್ತ ಮ್ಯಾಗ ನಿನಗ ಕೂಳು ಹಾಕಿದ್ದು ನಾನಲೇ" ಎಂಬ ಮಾತು ಬಂದೇಬಿಟ್ಟಿತು. ಓಣಿಯ ಜನ ನಿಂತು ಕೇಳಿದರು. ಅನ್ನ ಅಂದಿದ್ದರೆ ತಮ್ಮ ನುಂಗಿಕೊಳ್ಳುತ್ತಿದ್ದನೋ ಏನೋ. ಆವತ್ತಿನಿಂದ ಕೊಟ್ರಸ್ವಾಮಿ ಅಣ್ಣನ ಜೊತೆ ಮಾತು ಬಿಟ್ಟ.

ನ್ಯಾಯ ಎದುರುಮನೆಯ ಬೊಮ್ಮಪ್ಪನ ಕಟ್ಟೆಗೆ ಹೋಯಿತು. ಬೊಮ್ಮಪ್ಪ ಕುರಿ ಸಾಕಿದವನು, ವಯಸ್ಸಾದವನು, ಊರಿನ ಜಗಳಗಳಲ್ಲಿ ಕೈಯಾಡಿಸಿದವನು. ಇಬ್ಬರ ವಾದವನ್ನೂ ಕೇಳಿ ಕೇಳಿ ಅವನ ತಾಳ್ಮೆ ಕೆಟ್ಟಿತು. "ಎಡಗಡಿ ಗಾಲಿ ಎರಡೂ ಅಣ್ಣಂದು, ಬಲಗಡಿ ಗಾಲಿ ಎರಡೂ ತಮ್ಮಂದು. ಅವರವರ ಗಾಲಿ ಅವರವರು ನೋಡ್ಕಳ್ರಿ. ಇಂಜಿನ್ನು, ಸ್ಟೇರಿಂಗು ಕೂಡೇ ಇರ್ಲಿ. ಹೋಗ್ರಿ ಅತ್ಲಾಗ!" ಎಂದು ಟವಲು ಕೊಡವಿ ಎದ್ದ. ಸಿಟ್ಟಿನಲ್ಲಿ, ಅರ್ಧ ತಮಾಷೆಗೆ ಹೇಳಿದ ಮಾತದು. ನಾಚಿಕೆಯಾಗಿ ಇಬ್ಬರೂ ಸುಮ್ಮನಾಗುತ್ತಾರೆಂದು ಅವನು ತಿಳಿದಿದ್ದ. ಅಣ್ಣತಮ್ಮ ಅದನ್ನೇ ಹಿಡಿದುಕೊಂಡರು. ಮುಂದಿನ ಮಳೆಗಾಲಕ್ಕೆ ಕೊಟ್ರಸ್ವಾಮಿ ಬಲಗಡೆಯ ಎರಡು ಟೈರು ಮಾತ್ರ ಹೊಸದು ಹಾಕಿಸಿದ. ಎಡಗಡೆಯವು ಬೋಳಾಗಿಯೇ ಓಡಾಡಿದವು. ಬಸ್‌ಸ್ಟ್ಯಾಂಡಿನ ಚಾ ಅಂಗಡಿಯಲ್ಲಿ ಅದೊಂದು ಕಥೆಯಾಯಿತು.

ಪಂಚಾಕ್ಷರಪ್ಪನಿಗೆ ಇದರಲ್ಲಿ ನೋವಾಗುತ್ತಿದ್ದದ್ದು ಬೇರೆಯದೇ ಕಾರಣಕ್ಕೆ. ಅವನು ಗಾಡಿಯ ಮನುಷ್ಯ. ಅಂಗಡಿಗೆ ಕೂರುವ ಮೊದಲು, ಅಪ್ಪನ ಮೆಟಡಾರಿನಲ್ಲಿ ಮೆಕ್ಕೆಜೋಳ ತುಂಬಿಕೊಂಡು ಹರಪನಹಳ್ಳಿಗೆ ಹೊಡೆಯುತ್ತಿದ್ದವನು. ಆಗ ಕ್ಲೀನರಾಗಿ ಬರುತ್ತಿದ್ದದ್ದು ಕೊಟ್ರಸ್ವಾಮಿಯೇ. ಬ್ರೇಕಿನ ಪೈಪಿನಲ್ಲಿ ಗಾಳಿ ಸೇರಿದರೆ ಅಣ್ಣ ಅಡಿಯಲ್ಲಿ ಮಲಗುತ್ತಿದ್ದ, ತಮ್ಮ ಮೇಲೆ ಕೂತು ಪೆಡಲು ಒತ್ತುತ್ತಿದ್ದ. "ಒತ್ತು" ಎಂದರೆ ಒತ್ತಬೇಕು. "ಹಿಡ್ಕ" ಎಂದರೆ ಹಿಡಿಯಬೇಕು. "ಬಿಡು" ಎನ್ನುವವರೆಗೆ ಬಿಡಬಾರದು. ಒಂದು ಸಲವೂ ತಮ್ಮ ತಪ್ಪಿಸಿದವನಲ್ಲ. ಅಡಿಯಲ್ಲಿದ್ದವನಿಗೆ ತಮ್ಮನ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. "ಹಿಡದೀನಿ ಅಣ್ಣ." ಆ ಕಾಲದಲ್ಲಿ ಊರವರು ಪಂಚಾಕ್ಷರಪ್ಪನಿಗೆ ಪಾನಾ ಪಂಚಣ್ಣ ಎಂದು ಹೆಸರಿಟ್ಟಿದ್ದರು, ಸದಾ ಸೊಂಟದಲ್ಲಿ ನಟ್ಟು ಬಿಚ್ಚುವ ಒಂದು ಪಾನಾ ಇರುತ್ತಿತ್ತೆಂದು.

ಈಗ ಐವತ್ತೆಂಟಾಗಿದೆ. ಮಗಳು ವಾಣಿಶ್ರೀಯನ್ನು ಕೊಟ್ಟೂರಿಗೆ ಕೊಟ್ಟಾಗಿದೆ. ಅಂಗಡಿ ನಡೆಯುತ್ತದೆ, ಶುಗರ್ ಮಾತ್ರೆ ನಡೆಯುತ್ತದೆ. ಬೇಕಾದದ್ದು ಒಂದೇ: ತಮ್ಮ ಒಮ್ಮೆ ಬಾಯಿ ತುಂಬ ಮಾತಾಡಬೇಕು. ಕ್ಷಮೆ ಕೇಳೋಣವೆಂದು ಎಷ್ಟೋ ಸಲ ಚಪ್ಪರದವರೆಗೆ ಹೋಗಿ ಗಾಡಿಯ ಗಾಜು ಒರೆಸಿ ವಾಪಸು ಬಂದಿದ್ದಾನೆ. ಹಿರಿಯನೆಂಬ ಬಿಂಕ ಒಂದು ಕಡೆ. ಕೇಳಿದಾಗ ತಮ್ಮ ಮುಖ ತಿರುಗಿಸಿದರೆ ಏನು ಗತಿ ಎಂಬ ಅಂಜಿಕೆ ಇನ್ನೊಂದು ಕಡೆ.

ಈ ಚಳಿಗಾಲದಲ್ಲಿ ಗಾಡಿಯ ಮುಂದಿನ ಬ್ರೇಕು ಕಿರುಗುಟ್ಟಲು ಶುರುವಾಯಿತು. ಪಂಚಾಕ್ಷರಪ್ಪನಿಗೆ ಮೊದಲ ದಿನವೇ ಗೊತ್ತಾಯಿತು. ಪ್ಯಾಡು ಸವೆದಿವೆ. ಒತ್ತಿದಾಗ ಪೆಡಲು ಅಂಗಾಲಿನಡಿ ನಡುಗುತ್ತದೆ, ಅಂದರೆ ಪ್ಯಾಡು ಅಮುಕಿ ಹಿಡಿಯುವ ಡಿಸ್ಕಿನಲ್ಲೂ ಗೀರು ಬಿದ್ದಿದೆ. ಕೊಟ್ರಸ್ವಾಮಿಗೂ ಗೊತ್ತಾಗಿರಲೇಬೇಕು. ಆದರೆ ಬ್ರೇಕು ಗಾಲಿಗೆ ಸೇರಿದ್ದೋ, ಇಂಜಿನ್ನಿಗೆ ಸೇರಿದ್ದೋ? ಬೊಮ್ಮಪ್ಪನ ತೀರ್ಪಿನಲ್ಲಿ ಅದು ಇರಲಿಲ್ಲ. ಅವನು ಮಾಡಿಸಲಿ ಎಂದು ಇವನು, ಇವನು ಮಾಡಿಸಲಿ ಎಂದು ಅವನು, ಹಾಗೇ ಪಾಳಿಯ ಮೇಲೆ ಪಾಳಿ ಹೋದವು.

ಒಂದು ಬೆಳಿಗ್ಗೆ ಉಜ್ಜಿನಿಯ ದಾರಿಯಲ್ಲಿ ತಿರುವಿನಲ್ಲಿ ಕುರಿಹಿಂಡು ಅಡ್ಡ ಬಂತು. ಪಂಚಾಕ್ಷರಪ್ಪ ಬಲವಾಗಿ ಒತ್ತಿದ. ಗಾಡಿ ನಿಂತಿತು, ಆದರೆ ತಾನು ಅಂದುಕೊಂಡಲ್ಲಿ ನಿಲ್ಲಲಿಲ್ಲ. ಕೊನೆಯ ಕುರಿ ಬಂಪರಿಗೆ ತಾಗಿಕೊಂಡೇ ದಾಟಿತು. ಪಕ್ಕದಲ್ಲಿದ್ದ ದಾಕ್ಷಾಯಣಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಮುಂದಿನ ವಾರ ಇದ್ರಾಗ ಚಂದನಾ ಕುಂತಿರ್ತಾಳ" ಎಂದಳು. ಚಂದನಾ ಕೊಟ್ರಸ್ವಾಮಿಯ ಮಗಳು. ಹಡಗಲಿಯ ಕಡೆಯಿಂದ ಸಂಬಂಧ ಬಂದಿತ್ತು. ಸೋಮವಾರ ತಂದೆ ತಾಯಿ ಮಗಳು ಮೂವರೂ ಹೆಣ್ಣು ತೋರಿಸಲು ಅಲ್ಲಿನ ನೆಂಟರ ಮನೆಗೆ ಹೋಗುವವರಿದ್ದರು. ದೊಡ್ಡಪ್ಪನಿಗೆ ಹೇಳಿರಲಿಲ್ಲ. ಊರಿಗೆಲ್ಲ ಗೊತ್ತಾದ ಮೇಲೆ ಅವನಿಗೂ ಗೊತ್ತಾಗಿತ್ತು.

ಅಲ್ಲೇ ಅವನು ನಿರ್ಧಾರ ಮಾಡಿದ. ಎರಡೂ ಕಡೆ ಹೊಸದು ನಾನೇ ಹಾಕುತ್ತೇನೆ, ನನ್ನ ಕೈಯಿಂದಲೇ ಹಾಕುತ್ತೇನೆ. ಗ್ಯಾರೇಜಿಗೆ ಬಿಟ್ಟರೆ ಅದು ಖರ್ಚಿನ ಮಾತಾಗುತ್ತದೆ. ತಾನೇ ಮಾಡಿದರೆ ತಮ್ಮನಿಗೆ ಹಳೆಯದು ನೆನಪಾದೀತು.

ಹರಪನಹಳ್ಳಿಯ ಬಿಡಿಭಾಗದ ಅಂಗಡಿಯಲ್ಲಿ, ಬಾಯಿತಪ್ಪಿಯೋ ರೂಢಿಯ ಬಲದಿಂದಲೋ, "ಎಡಗಡಿದೊಂದು ಬ್ಯಾರೆ, ಬಲಗಡಿದೊಂದು ಬ್ಯಾರೆ ಕಟ್ರಿ" ಎಂದ.

ಅಂಗಡಿಯವನು ಅವನ ಮುಖ ನೋಡಿದ. "ಬೇರೆ ಬೇರೆ ಬರಲ್ಲ ಯಜಮಾನ್ರೆ. ಇದು ಜೋಡಿ. ಒಂದು ಕಡೆ ಹೊಸದು, ಒಂದು ಕಡೆ ಹಳೇದು ಹಾಕಿದ್ರೆ ಬ್ರೇಕ್ ಹೊಡ್ದಾಗ ಗಾಡಿ ಒಂದು ಕಡೆಗೆ ಎಳ್ಕೊಂಡು ಹೋಗುತ್ತೆ."

"ಗೊತ್ತೈತಪ್ಪ" ಎಂದ ಪಂಚಾಕ್ಷರಪ್ಪ. ಗೊತ್ತಿಲ್ಲದವರು ಊರಿನಲ್ಲಿ ಬೇರೆಯವರಿದ್ದರು, ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದವನು ತಾನೇ ಎಂದು ಅವನಿಗೆ ಅನ್ನಿಸಿತು.

ಶನಿವಾರ ಕೊಟ್ರಸ್ವಾಮಿ ಅಂಗಡಿಯ ಕೆಲಸಕ್ಕೆ ಹಗರಿಬೊಮ್ಮನಹಳ್ಳಿಗೆ ಬಸ್ಸಿನಲ್ಲಿ ಹೋದ. ಪಂಚಾಕ್ಷರಪ್ಪ ಅಂಗಡಿಗೆ ಬೀಗ ಹಾಕಿ ಹಳೆಯ ಲುಂಗಿ ಉಟ್ಟ. ಹಿಂದಿನ ಗಾಲಿಗಳಿಗೆ ಎರಡೂ ಬದಿಯಿಂದ ಕಲ್ಲು ಕೊಟ್ಟ. ಗಾಲಿ ನೆಲದ ಮೇಲಿರುವಾಗಲೇ ನಟ್ಟು ಸಡಿಲು ಮಾಡಿ ಆಮೇಲೆ ಜಾಕಿ ಏರಿಸಿದ. ಬಿಚ್ಚಿದ ಗಾಲಿಯನ್ನು ಗಾಡಿಯ ಹೊಟ್ಟೆಯಡಿ ಮಲಗಿಸಿದ, ಜಾಕಿ ಜಾರಿದರೂ ಮೈಮೇಲೆ ಬರಬಾರದೆಂದು. ಬ್ರೇಕು ಹಿಡಿಯುವ ಕ್ಯಾಲಿಪರನ್ನು ಬಿಚ್ಚಿ, ಪೈಪಿಗೆ ಭಾರ ಬೀಳದ ಹಾಗೆ ಅದನ್ನು ತಂತಿಯಿಂದ ಮೇಲಕ್ಕೆ ಕಟ್ಟಿದ. ಹಳೆಯ ಡಿಸ್ಕು ತುಕ್ಕಿನಲ್ಲಿ ಕಚ್ಚಿಕೊಂಡಿತ್ತು. ಸುತ್ತ ತಿರುಗಿಸಿ ತಿರುಗಿಸಿ ಸುತ್ತಿಗೆಯಿಂದ ಬಡಿದ. ಕೈ ತಪ್ಪಿ ಹೆಬ್ಬೆರಳಿಗೂ ಒಂದು ಬಿತ್ತು.

"ವಯಸ್ಸಾಗೈತಿ, ಕೈ ನಡಗತಾವ, ಹಟ ಮಾತ್ರ ಎಳೇದೈತಿ" ಎಂದಳು ದಾಕ್ಷಾಯಣಮ್ಮ ಬಾಗಿಲಲ್ಲಿ ನಿಂತು. ಅವಳ ನಾಲಿಗೆಯೇ ಹಾಗೆ. ಬೈಯುತ್ತಲೇ ಅರಿಶಿನ ತಂದು ಬೆರಳಿಗೆ ಮೆತ್ತಿದಳು.

ಡಿಸ್ಕು ಕೊನೆಗೆ ಕಳಚಿತು. ಬೆರಳಾಡಿಸಿದರೆ ಉತ್ತ ಹೊಲದ ಸಾಲುಗಳ ಹಾಗೆ ಗೀರುಗಳು. ಪ್ಯಾಡು ಬಿಸ್ಕತ್ತಿನಷ್ಟು ತೆಳ್ಳಗಾಗಿದ್ದವು. ಕಬ್ಬಿಣಕ್ಕೆ ಇನ್ನೂ ಮುಟ್ಟಿರಲಿಲ್ಲ, ನಿಧಾನಕ್ಕೆ ಹೊಡೆದರೆ ಇನ್ನೊಂದಷ್ಟು ದಿನ ಬರುತ್ತಿದ್ದವು. ಅವನು ತಂತಿಯ ಬ್ರಷ್ಷಿನಿಂದ ತುಕ್ಕು ಉಜ್ಜಿ, ಹೊಸ ಡಿಸ್ಕಿಗೆ ಕಂಪನಿಯವರು ಬಳಿದ ಎಣ್ಣೆಯನ್ನು ಪೂರ್ತಿ ಒರೆಸಿ, ಕೂರಿಸಿದ. ಒಳಗಿನ ಪಿಸ್ಟನ್ನನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ ಹೊಸ ಪ್ಯಾಡು ಸೇರಿಸಿದ. ಎಡಗಡೆಯದು ಮುಗಿಯಿತು.

ಬಲಗಡೆಗೆ ಬಂದು ಕುಕ್ಕರಗಾಲಲ್ಲಿ ಕೂತಾಗ ಅವನಿಗೆ ಕಳ್ಳನ ಹಾಗೆ ಅನ್ನಿಸಿತು. ಮೂರು ವರ್ಷದಿಂದ ಅವನು ಆ ಗಾಲಿಯನ್ನು ಮುಟ್ಟಿರಲಿಲ್ಲ, ಗಾಳಿ ಕಡಿಮೆಯಿದ್ದರೂ ನೋಡಿ ಸುಮ್ಮನಾಗಿದ್ದ. ಕೊಟ್ರಸ್ವಾಮಿಯ ಹೆಂಡತಿ ರೇಖಾ ಬಾಗಿಲಿಗೆ ಬಂದಳು. ನೋಡಿದಳು. ಒಳಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ ತಂದಿಟ್ಟಳು.

"ಭಾವಾರ, ಅವರಿಗೆ ಹೇಳೀರೇನ್ರಿ?"

"ಹೇಳೂದೇನೈತಿ ಬಿಡವ್ವ. ಬಂದ್ಮ್ಯಾಲೆ ನೋಡ್ತಾನ."

ರೇಖಾ ಓಣಿಯ ತುದಿಯ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಗಂಡನನ್ನು ಬಲ್ಲವಳು ಅವಳು. ಪಂಚಾಕ್ಷರಪ್ಪನೂ ಬಲ್ಲವನೇ, ಆದರೆ ಅವನು ಬಲ್ಲದ್ದು ಮೆಟಡಾರಿನ ಕಾಲದ ಕೊಟ್ರನನ್ನು. ಮಜ್ಜಿಗೆ ಕುಡಿದು ಕೆಲಸ ಮುಂದುವರಿಸಿದ. ಬಲಗಡೆಯ ಹಳೆಯ ಡಿಸ್ಕು, ಪ್ಯಾಡುಗಳನ್ನು ಗುಜರಿಗೆ ಹಾಕುವ ಮನಸ್ಸಾಗಲಿಲ್ಲ. ತಮ್ಮನ ಪಾಲಿನ ವಸ್ತು, ತಾನು ಬಿಸಾಡುವುದು ನ್ಯಾಯವಲ್ಲ. ಒರೆಸಿ ತಮ್ಮನ ಕಟ್ಟೆಯ ಮೇಲಿಟ್ಟ. ಎಡಗಡೆಯವನ್ನು ತನ್ನ ಕಟ್ಟೆಯ ಮೇಲಿಟ್ಟುಕೊಂಡ. ಇಷ್ಟೆಲ್ಲ ಬೆಸೆಯಲು ಹೊರಟವನು ಹಳೆಯ ಕಬ್ಬಿಣವನ್ನು ಮಾತ್ರ ಪಾಲು ಮಾಡಿಯೇ ಇಟ್ಟ ನೋಡಿ.

ಸಂಜೆಯ ಮೊದಲೇ, ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಟ್ಟು, ಗಾಡಿ ಹೊರಗೆ ತೆಗೆದ. ಉಜ್ಜಿನಿಯ ದಾರಿಯಲ್ಲಿ ಸ್ವಲ್ಪ ಓಡಿಸುವುದು, ಮೆಲ್ಲಗೆ ಬ್ರೇಕು ಹಾಕುವುದು, ಮತ್ತೆ ಓಡಿಸುವುದು. ಹೊಸ ಪ್ಯಾಡು ಹೊಸ ಡಿಸ್ಕಿಗೆ ಹೊಂದಿಕೊಳ್ಳಬೇಕಲ್ಲ. ಗಾಡಿ ದಾರಿಯ ನಟ್ಟನಡುವೆ ಅಲುಗದೆ ನಿಂತಿತು. ಪಂಚಾಕ್ಷರಪ್ಪನಿಗೆ ಬಹಳ ದಿನದ ಮೇಲೆ ಸಂತೋಷವಾಯಿತು. ಸೋಮವಾರ ತಮ್ಮ ಬ್ರೇಕು ಒತ್ತುತ್ತಾನೆ, ಒತ್ತಿದ ತಕ್ಷಣ ಗೊತ್ತಾಗುತ್ತದೆ, ಸಂಜೆ ಬಂದು ಏನಾದರೂ ಒಂದು ಮಾತು ಅನ್ನದೆ ಇರಲಾರ. ಒಂದು ಮಾತು ಸಾಕು.

ಕೊಟ್ರಸ್ವಾಮಿ ಭಾನುವಾರ ಮಧ್ಯಾಹ್ನ ಬಂದ. ಕಟ್ಟೆಯ ಮೇಲಿನ ಹಳೆಯ ಡಿಸ್ಕು ನೋಡಿದ. ಬಗ್ಗಿ ಬಲಗಡೆಯ ಗಾಲಿಯ ಸಂದಿನಲ್ಲಿ ಹೊಳೆಯುತ್ತಿದ್ದ ಹೊಸದನ್ನು ನೋಡಿದ. ಚಪ್ಪರದ ಕೆಳಗೆ ನಿಂತು ಒಳಗಿದ್ದ ಹೆಂಡತಿಯನ್ನು ಕರೆದು ಮಾತಾಡಿದ, ಮಾತು ಎಡಗಡೆಯ ಮನೆಗೆ ಕೇಳಲೆಂದೇ.

"ನಮ್ಮ ಕಡಿ ಗಾಲಿಗೆ ಕೈ ಹಚ್ಚಾಕ ಯಾರನ್ನ ಕೇಳಿದ್ರು? ನಾವೇನು ಗತಿಗೆಟ್ಟು ಕುಂತೀವೇನು? ಇವತ್ತು ಬ್ರೇಕ್ ಹಾಕಿಕೊಡಾದು, ನಾಳೆ ಓಣ್ಯಾಗ ನಿಂತು ಬ್ರೇಕ್ ಹಾಕ್ಸಿದ್ದು ನಾನು ಅನ್ನಾದು. ಒಂದ್ಸಲ ಕೂಳು ತಿಂದಿದ್ದಕ್ಕ ಸಾಕಾಗೈತಿ."

ಒಳಗೆ ರೊಟ್ಟಿ ಮುರಿಯುತ್ತಿದ್ದ ಪಂಚಾಕ್ಷರಪ್ಪನ ಕೈ ಅಲ್ಲೇ ನಿಂತಿತು. ಮೂರು ವರ್ಷವಾದರೂ ಆ ಮಾತು ತಮ್ಮನ ಹೊಟ್ಟೆಯಲ್ಲಿ ಹಾಗೇ ಹಸಿಯಾಗಿ ಕೂತಿತ್ತು. ಎದ್ದು ಹೋಗಿ ತಪ್ಪಾಯಿತು ಎನ್ನಬೇಕಿತ್ತು. ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಹೊರಗೆ ಜಾಕಿಯ ಸದ್ದು ಕೇಳಿತು. ಕಿಟಕಿಯಿಂದ ನೋಡಿದ. ಕೊಟ್ರಸ್ವಾಮಿ ಬಲಗಾಲಿ ಬಿಚ್ಚುತ್ತಿದ್ದ. ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಬಿಚ್ಚಿದ ಗಾಲಿಯನ್ನು ಹೊಟ್ಟೆಯಡಿ ಮಲಗಿಸಿ, ಕ್ಯಾಲಿಪರನ್ನು ತಂತಿಯಿಂದ ಮೇಲಕ್ಕೆ ಕಟ್ಟಿ, ಎಲ್ಲವನ್ನೂ ಅಣ್ಣ ಕಲಿಸಿದ ಹಾಗೆಯೇ, ಒಂದೂ ತಪ್ಪಿಲ್ಲದೆ ಮಾಡಿದ. ಹೊಸ ಡಿಸ್ಕು ತೆಗೆದು ಹಳೆಯದನ್ನು ಹಾಕಿದ. ಹೊಸ ಡಿಸ್ಕು, ಪ್ಯಾಡುಗಳನ್ನು ತಂದು ಅಣ್ಣನ ಕಟ್ಟೆಯ ತುದಿಗಿಟ್ಟು, ಕೈ ತೊಳೆದುಕೊಂಡು ಒಳಗೆ ಹೋದ.

ಪಂಚಾಕ್ಷರಪ್ಪನಿಗೆ ಅವಮಾನಕ್ಕಿಂತ ಮೊದಲು ಭಯವಾಯಿತು. ಎಡಗಡೆ ಹೊಸ ಬ್ರೇಕು, ಬಲಗಡೆ ಸವೆದ ಬ್ರೇಕು. ಮೆಲ್ಲಗೆ ಹೋದರೆ ಗೊತ್ತಾಗುವುದಿಲ್ಲ. ಹೆದ್ದಾರಿಯಲ್ಲಿ ಮೆಕ್ಕೆಜೋಳದ ಲಾರಿಯ ಹಿಂದೆ ಓಡುವಾಗ ಗಟ್ಟಿಯಾಗಿ ಒತ್ತಿದರೆ ಗಾಡಿ ಎಡಕ್ಕೆ ಎಳೆದು ಪಲ್ಟಿಯಾದರೂ ಆದೀತು. ಅದರಲ್ಲಿ ರೇಖಾ ಇರುತ್ತಾಳೆ, ಚಂದನಾ ಇರುತ್ತಾಳೆ. ಹೊಸ ಸೀರೆಯುಟ್ಟು ಕೂತಿರುತ್ತಾಳೆ ಕೂಸು.

"ಹೋಗಿ ರೇಖಾಗ ಹೇಳು" ಎಂದು ಹೆಂಡತಿಯನ್ನು ಹಿತ್ತಿಲಿಗೆ ಕಳಿಸಿದ. ದಾಕ್ಷಾಯಣಮ್ಮ ಗೋಡೆಯ ಮೇಲಿಂದ ಹೇಳಿದಳು. ರೇಖಾ ಗಂಡನಿಗೆ ಹೇಳಿದಳು. ಉತ್ತರವೂ ಅದೇ ದಾರಿಯಲ್ಲಿ ಬಂತು.

"ಅಂಜಿಸಾಕ ನೋಡ್ತಾರ, ನಾನೇನು ಗಾಡಿ ನೋಡದವನೇನು ಅಂದ್ರು ಅಕ್ಕಾರ. ಅವರ ಕಡಿ ಅವರು ನೋಡ್ಕಳ್ಳಿ, ನಮ್ಮ ಕಡಿ ನಾವು ನೋಡ್ಕಂತೀವಿ ಅಂದ್ರು." ಎಂದು ರೇಖಾ ಗೋಡೆಯಾಚೆಯಿಂದ ಹೇಳಿದಳು.

ಅವರ ಕಡೆ ಅವರು ನೋಡಿಕೊಳ್ಳಲಿ. ಪಂಚಾಕ್ಷರಪ್ಪ ಆ ಮಾತನ್ನು ಮಗ್ಗುಲು ಬದಲಿಸಿ ಬದಲಿಸಿ ಯೋಚಿಸಿದ. ಬಲದ ಗಾಲಿಗೆ ಹೊಸದು ಹಾಕುವ ಹಕ್ಕು ಅವನಿಗಿಲ್ಲ. ಎಡದ ಗಾಲಿಗೆ ಹಳೆಯದು ಹಾಕುವ ಹಕ್ಕು ಇದೆ. ಎರಡೂ ಕಡೆ ಹಳೆಯದಿದ್ದರೆ ಬ್ರೇಕು ಬಿಗಿಯಾಗಿ ಹಿಡಿಯುವುದಿಲ್ಲ ನಿಜ, ಆದರೆ ಗಾಡಿ ನೇರ ನಿಲ್ಲುತ್ತದೆ. ಇಷ್ಟು ದಿನ ಹಾಗೇ ಓಡಿದೆ, ಆ ಬ್ರೇಕಿಗೆ ತಮ್ಮನ ಕಾಲೂ ಪಳಗಿದೆ. ಒಳ್ಳೆಯದು ಮಾಡಲು ಬಿಡದ ಮೇಲೆ, ಕೆಟ್ಟದ್ದನ್ನಾದರೂ ಸಮನಾಗಿ ಮಾಡಬೇಕು.

ಸೋಮವಾರ ಹೊತ್ತು ಹುಟ್ಟುವ ಹೊತ್ತಿಗೆ ಅವನು ಚಪ್ಪರದ ಕೆಳಗೆ ಕೂತಿದ್ದ. ಹೆಬ್ಬೆರಳು ಊದಿತ್ತು. ಎರಡು ದಿನದ ಹಿಂದೆ ಅಷ್ಟು ಸಂತೋಷದಿಂದ ಕೂರಿಸಿದ ಡಿಸ್ಕನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿದ. ಗೀರು ಬಿದ್ದ ಹಳೆಯದನ್ನು ಒರೆಸಿ, ಮತ್ತೆ ಸ್ವಸ್ಥಾನದಲ್ಲಿಟ್ಟ. ಸವೆದ ಪ್ಯಾಡುಗಳನ್ನು ಅಷ್ಟೇ ಜೋಪಾನವಾಗಿ ಸೇರಿಸಿ ಗಾಲಿ ಏರಿಸಿದ. ಓಣಿ ಎದ್ದಿತ್ತು. ಹಾಲಿಗೆ ಹೊರಟವರು ನಿಂತು ನೋಡಿದರು. ಬೊಮ್ಮಪ್ಪ ಬೇವಿನ ಕಡ್ಡಿ ಕಚ್ಚಿಕೊಂಡು ತನ್ನ ಕಟ್ಟೆಯ ಮೇಲೆ ಕೂತಿದ್ದ.

ಕೊಟ್ರಸ್ವಾಮಿ ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು ಹೊರಗೆ ಬಂದ. ಹಿಂದೆ ರೇಖಾ, ಚಂದನಾ. ಅಣ್ಣ ಗಾಲಿಯ ಮುಂದೆ ಕೂತಿರುವುದನ್ನು ನೋಡಿದ. ಪೆಟ್ಟಿಗೆಯೊಳಗೆ ಹೊಳೆಯುವ ಹೊಸ ಡಿಸ್ಕನ್ನು ನೋಡಿದ. ಆಮೇಲೆ ಬೊಮ್ಮಪ್ಪನ ಕಡೆ ತಿರುಗಿದ.

"ನೋಡಿದ್ಯಾ ಬೊಮ್ಮಪ್ಪಣ್ಣ? ನನ್ ಪಾಳಿ ಬಂತು, ತನ್ನ ಹೊಸಾದು ಬಿಚ್ಕಂಡು ಕುಂತ. ನಾವು ಒಂದಿನ ಹೊಡದ್ರ ಸವದು ಹೋಗತೈತಂತ. ಇಂಥಾ ಜೀವ ಐತಿ ನೋಡು ಇದು."

ಹಾಲಿನವರು ನಕ್ಕರು. ಬೊಮ್ಮಪ್ಪ ಬೇವಿನ ಕಡ್ಡಿ ಬಾಯಿಂದ ತೆಗೆದು, "ಇದೇನ್ಲೇ ಪಂಚಣ್ಣ, ಇಷ್ಟು ಸಣ್ಣವಾಗಬ್ಯಾಡ್ಲೇ" ಎಂದ.

ಪಂಚಾಕ್ಷರಪ್ಪ ತಲೆ ಎತ್ತಿದ. ಹೇಳಬಹುದಿತ್ತು. ಆದರೆ ತಮ್ಮನ ಹಟ ಅವನಿಗೆ ನಿನ್ನೆಯಷ್ಟೇ ಹೊಸದಾಗಿ ಪರಿಚಯವಾಗಿತ್ತು. ನಿನ್ನ ಸಲುವಾಗಿ ಬಿಚ್ಚಿದೆ ಎಂದರೆ, ನನ್ನ ಸಲುವಾಗಿ ಬೇಡ, ಹೊಸದೇ ಹಾಕು ಎಂದು ನಿಂತಾನು. ನಾಲ್ಕು ಜನರ ಮುಂದೆ ಇನ್ನೊಂದು ಜಗಳವಾಗಿ, ಅದೇ ಸಿಟ್ಟಿನಲ್ಲಿ ಹೆಂಡತಿ ಮಗಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೊರಟಾನು. ಸಿಟ್ಟಿನ ಕಾಲಿಗೆ ಯಾವ ಬ್ರೇಕೂ ಸಾಲದು. ಪಂಚಾಕ್ಷರಪ್ಪ ಬಾಯಿ ಮುಚ್ಚಿಕೊಂಡು ನಟ್ಟು ಬಿಗಿದ. ಒಂದು ಬಿಗಿದು ಅದರ ಎದುರಿನದು, ಅದಾದ ಮೇಲೆ ಪಕ್ಕದ್ದು. ಜಾಕಿ ಇಳಿಸಿ ಇನ್ನೊಮ್ಮೆ ಮೈಭಾರ ಹಾಕಿ ಬಿಗಿದ. ಪೆಡಲು ಒತ್ತಿ ನೋಡಿದ. ಪೆಟ್ಟಿಗೆ ಎತ್ತಿಕೊಂಡು ತನ್ನ ಕಟ್ಟೆಯ ಮೇಲೆ ಕೂತ.

ರೇಖಾ, ಚಂದನಾ ಹತ್ತಿ ಕೂತರು. ಚಂದನಾ ಗಾಜಿನೊಳಗಿಂದ ದೊಡ್ಡಪ್ಪನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು, ನಮ್ಮ ಮನೆಯವರೇ ಹೀಗೆ ಎಂಬಂಥ ನಾಚಿಕೆ. ಕೊಟ್ರಸ್ವಾಮಿ ಬಾಗಿಲಿಗೆ ಕೈ ಹಾಕಿದವನು ತಡೆದ. ಏನೋ ಯೋಚಿಸಿದ. ಹಿಂದೆ ಹೋಗಿ ಡಿಕ್ಕಿಯಿಂದ ಪಾನಾ ತೆಗೆದ. ಗಾಡಿಯನ್ನು ಸುತ್ತುಹಾಕಿ ಎಡಗಡೆಗೆ ಬಂದ.

ಮೂರು ವರ್ಷದಲ್ಲಿ ಅವನು ಎಡದ ಗಾಲಿಯ ಹತ್ತಿರ ಬಂದದ್ದು ಅದೇ ಮೊದಲು. ಬಿಳಿ ಅಂಗಿಯ ತೋಳು ಮಡಚಿ, ಅಣ್ಣ ಈಗಷ್ಟೇ ಬಿಗಿದ ನಟ್ಟಿಗೆ ಪಾನಾ ಹಾಕಿ ಜಗ್ಗಿ ನೋಡಿದ. ಅಲುಗಲಿಲ್ಲ. ಎರಡನೆಯದಕ್ಕೆ ಹಾಕಿದ. ಮೂರನೆಯದಕ್ಕೆ ಹಾಕಿದ. ಒಂದೂ ಬಿಡದೆ ಎಲ್ಲವನ್ನೂ ಜಗ್ಗಿ ನೋಡಿದ.

ಪಂಚಾಕ್ಷರಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟ. ಜಿಪುಣ ಎಂದುಕೊಂಡಿದ್ದರೆ ಇರಲಿ. ಸಣ್ಣ ಮನುಷ್ಯ ಎಂದುಕೊಂಡರೂ ತಡೆದುಕೊಳ್ಳುತ್ತಿದ್ದ. ಆದರೆ ಹೆಂಡತಿ ಮಗಳನ್ನು ಕೂರಿಸಿಕೊಂಡು ಹೋಗುವ ಗಾಡಿಯ ನಟ್ಟನ್ನು ಅಣ್ಣ ಬೇಕೆಂದೇ ಸಡಿಲ ಬಿಟ್ಟಿರಬಹುದು ಎಂದು ತಮ್ಮನಿಗೆ ಅನ್ನಿಸಿತ್ತು. ಅದೂ ಸಿಟ್ಟಿನಲ್ಲಿ ಬಂದ ಮಾತಲ್ಲ, ಸಮಾಧಾನವಾಗಿ ಯೋಚಿಸಿ ಪಾನಾ ತೆಗೆದುಕೊಂಡು ಬಂದಿದ್ದ. ಇಷ್ಟು ದಿನ ತಮ್ಮ ಮಾತು ಬಿಟ್ಟಿದ್ದಾನೆ, ಇವತ್ತಲ್ಲ ನಾಳೆ ಆಡುತ್ತಾನೆ ಎಂದು ಕಾದದ್ದು ಸುಳ್ಳಿಗೆ ಕಾದ ಹಾಗಾಯಿತು. ಅವನು ಬಿಟ್ಟದ್ದು ಮಾತೊಂದನ್ನೇ ಆಗಿರಲಿಲ್ಲ.

ಕೊಟ್ರಸ್ವಾಮಿ ಪಾನಾ ಒಳಗಿಟ್ಟು, ಕೈ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಗಾಡಿ ತೆಗೆದ. ಓಣಿಯ ತುದಿಯಲ್ಲಿ ತಿರುಗುವ ಮುಂಚೆ ಬ್ರೇಕು ಕಿರುಗುಟ್ಟಿತು. ಗಾಡಿ ನೇರವಾಗಿ ನಿಂತು, ತಿರುಗಿ, ಕೂಡ್ಲಿಗಿಯ ಕಡೆಗೆ ಹೋಯಿತು.

"ಬಾಯಾಗ ಏನ್ ಕಡಬು ಇಟ್ಕಂಡಿದ್ರಿ? ಹೇಳಾಕ ಏನಾಗಿತ್ತು ನಿಮಗ?" ಎಂದಳು ದಾಕ್ಷಾಯಣಮ್ಮ. ಅ‍ವಳ ಕಣ್ಣು ತುಂಬಿದ್ದವು.

ಪಂಚಾಕ್ಷರಪ್ಪ ಆ ದಿನ ಅಂಗಡಿ ತೆಗೆಯಲಿಲ್ಲ. ಕಟ್ಟೆಯ ಮೇಲೆಯೇ ಕೂತಿದ್ದ. ಸಂಜೆ ಗಾಡಿ ವಾಪಸು ಬಂತು. ಚಂದನಾ ಇಳಿದಳು, ರೇಖಾ ಇಳಿದಳು, ಕೊಟ್ರಸ್ವಾಮಿ ಇಳಿದ. ಮೂವರೂ ಕ್ಷೇಮವಾಗಿ ಒಳಗೆ ಹೋದದ್ದನ್ನು ನೋಡಿದ ಮೇಲೆಯೇ ಅವನು ಎದ್ದು ಓಣಿ ದಾಟಿ ಬೊಮ್ಮಪ್ಪನ ಮನೆಗೆ ಹೋದ.

"ಬಾರಲೇ ಪಂಚಣ್ಣ, ಕುಂದ್ರು" ಎಂದ ಬೊಮ್ಮಪ್ಪ.

ಪಂಚಾಕ್ಷರಪ್ಪ ಕೂರಲಿಲ್ಲ.

"ಗಾಡಿ ಮಾರಿಬಿಡಾಕ ಹೇಳಣ್ಣ" ಎಂದ. "ನನ್ನ ಪಾಲಿನ ರೊಕ್ಕಾನೂ ಅವನಿಗೇ ಕೊಡು."